ಒಂದೇ ಹೊಂಡದ ಮೀನು

ನನ್ನ ದೊಡ್ಡಪ್ಪನಿಗೆ ಗೊತ್ತಿದ್ದದ್ದು ಒಂದೇ ಶಾಸ್ತ್ರ: ಅಡ್ಜಸ್ಟ್ ಮಾಡುವುದು. ಸ್ವಾರಗೇಟ್ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಮೀನೂಟದ ಹೋಟೆಲಿತ್ತು. ಮಧ್ಯಾಹ್ನ ಬಸ್ಸಿನ ಡ್ರೈವರು, ಕಂಡಕ್ಟರುಗಳು ನುಗ್ಗುವಾಗ ನಾಲ್ವರ ಮೇಜಿಗೆ ಆರು ಜನರನ್ನು ಕೂರಿಸಿ, "ಥೋಡ ಸರಕಾ, ಸ್ವಲ್ಪ ಸರೀರಿ" ಎಂದು ನಗುನಗುತ್ತಾ ಇನ್ನೊಬ್ಬನನ್ನು ತುರುಕುತ್ತಿದ್ದರು. ಮಹಡಿಯ ಮೇಲೆ ಖಾಲಿಯಿದ್ದ ಊಟದ ಹಾಲನ್ನು ಮಾತ್ರ ತೆರೆಯುತ್ತಿರಲಿಲ್ಲ. ತೆರೆದರೆ ಅಲ್ಲಿಗೆ ಬೇರೊಬ್ಬ ಸಪ್ಲೈಯರ್ ಬೇಕಲ್ಲ!

ಮನೆಗೂ ಅದೇ ಶಾಸ್ತ್ರ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವರ ಮಕ್ಕಳು ಮತ್ತು ಊರಿನಿಂದ ಬಂದ ನಾನು ಸೇರಿ ಆರು ಹುಡುಗಿಯರು ಸಾಲಾಗಿ ಮಲಗುತ್ತಿದ್ದೆವು. ನಾನು ಗೋಡೆಯ ಬದಿ, ಮೊಣಕಾಲು ಮಡಚಿಕೊಂಡು. ಆಫೀಸಿನಲ್ಲಿ ಕೆಲಸ ಸಿಕ್ಕ ಮೇಲೆ ಸಂಜೆ ಕಾಲೇಜಿಗೂ ಸೇರಿದೆ. ಓದಲು ಒಂದು ಮೂಲೆಯೂ ಇಲ್ಲ. ಹೆಂಗಸರ ಹಾಸ್ಟೆಲಿಗೆ ಹೋಗುತ್ತೇನೆ ಎಂದೆ.

"ಎಂತ ಮಾರಾಯ್ತಿ, ಇಲ್ಲಿ ನಿಂಗೆ ಎಂತ ಕಮ್ಮಿ ಉಂಟು? ಸ್ವಲ್ಪ ಅಡ್ಜಸ್ಟ್ ಮಾಡು" ಎಂದರು ದೊಡ್ಡಪ್ಪ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ದೊಡ್ಡಪ್ಪ ದೌಂಡದ ಆಚೆ, ಕಬ್ಬಿನ ಗದ್ದೆಗಳ ನಡುವೆ ಎರಡು ಹೊಂಡಗಳನ್ನು ಗುತ್ತಿಗೆಗೆ ಹಿಡಿದು ರೋಹು ಮೀನಿನ ಮರಿ ತರಿಸಿದ್ದರು. ಎರಡು ಹೊಂಡಕ್ಕಾಗುವಷ್ಟು ಮರಿಯನ್ನು ಒಂದಕ್ಕೇ ಸುರಿದರು. ಇನ್ನೊಂದರಲ್ಲಿ ಬರೀ ನೀರು. ಎರಡು ಕಡೆ ತಿಂಡಿ ಹಾಕುವುದು, ಎರಡು ಕಡೆ ಕಾವಲು ಯಾಕೆ ಎಂಬುದು ಅವರ ಲೆಕ್ಕ. ಮೇಲಿನ ಹಾಲಿನ ಲೆಕ್ಕವೇ ಅದು.

ವರ್ಷ ತುಂಬುತ್ತಾ ಬಂದರೂ ಮೀನುಗಳು ಬೆರಳುದ್ದ ಮೀರಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಬಾಯಿ ಮೇಲೆತ್ತಿ ಗಾಳಿಗಾಗಿ ಒದ್ದಾಡುತ್ತಿದ್ದವು. ದೊಡ್ಡಪ್ಪ ಇನ್ನಷ್ಟು ಹಿಂಡಿ ಸುರಿದರು, ನೀರು ಕೆಟ್ಟಿತು. ಕೊನೆಗೆ ತೀರ್ಪು ಕೊಟ್ಟರು: "ಜಾತಿಯೇ ಸರಿ ಇಲ್ಲ. ಇದು ಬೆಳೆಯುವ ಮೀನೇ ಅಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಮೈಯೆಲ್ಲ ಉರಿಯಿತು.

"ಜಾತಿ ಸರಿ ಉಂಟು ದೊಡ್ಡಪ್ಪ. ಜಾಗ ಇಲ್ಲ."

"ನಿಂಗೆ ಎಲ್ಲದರಲ್ಲೂ ಜಾಗದ್ದೇ ಹುಚ್ಚು!"

ಹುಚ್ಚೇ, ಏನೀಗ? ಮಳೆ ಹಿಡಿಯುವ ಮೊದಲು ಅವರು ಯಾರದೋ ಮದುವೆಗೆಂದು ಲೋಣಾವಳಾಕ್ಕೆ ಹೋದ ದಿನ ನಾನು ದೌಂಡದ ರೈಲು ಹತ್ತಿದೆ. ಮದುವೆಗೆ ತಲೆನೋವಿನ ನೆಪ ಹೇಳಿದ್ದ ದೊಡ್ಡಮ್ಮನೂ ಜೊತೆಗೆ ಬಂದರು. ಅವರ ತವರು ಹೊಳೆಬದಿಯದು. ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಬಲೆ ಎಳೆದವರು ಅವರೇ. ಎರಡು ಹಂಡೆ ಮೀನು ಹೊತ್ತು ಖಾಲಿ ಹೊಂಡಕ್ಕೆ ಬಿಟ್ಟೆವು.

"ಕೇಳಿದ್ರೆ ನಾನು ಬಿಟ್ಟದ್ದು ಅಂತ ಹೇಳು" ಎಂದರು ದೊಡ್ಡಮ್ಮ.

ಖಾಲಿ ಹೊಂಡದಲ್ಲಿ ಮೀನು ಕಂಡು ದೊಡ್ಡಪ್ಪ ಕೇಳಿದಾಗ ನಾನೇ ಬಿಟ್ಟದ್ದು ಎಂದು ಹೇಳಿದೆ. ಹೋಟೆಲಿನ ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ ದೊಡ್ಡಪ್ಪ ಕೂಗಾಡಿದರು. ನಾನು ತಲೆ ತಗ್ಗಿಸಲಿಲ್ಲ. "ದೀಪಾವಳಿಗೆ ಎರಡೂ ಹೊಂಡಕ್ಕೆ ಬಲೆ ಹಾಕಿ ನೋಡುವ. ಬೆಳೆಯದಿದ್ದರೆ ಹಾಸ್ಟೆಲಿನ ಮಾತು ಎತ್ತುವುದಿಲ್ಲ" ಎಂದೆ.

ದೀಪಾವಳಿಗೆ ಹಳೆಯ ಹೊಂಡದಲ್ಲಿ ಸಿಕ್ಕ ಮೀನುಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಇನ್ನೊಂದರಿಂದ ಎದ್ದ ಮೀನುಗಳು ಗೇಣು ಮೀರಿ ಬೆಳೆದಿದ್ದವು. ಒಂದಂತೂ ದೊಡ್ಡಪ್ಪನ ಕೈಯಿಂದ ಜಿಗಿದು ಕೆಸರಿಗೆ ಬಿತ್ತು.

"ಬೇರೆ ಮರಿ ತಂದು ಬಿಟ್ಟಿದ್ದೀಯಾ?"

"ಅವುಗಳದ್ದೇ ಅಕ್ಕತಂಗಿಯರು ದೊಡ್ಡಪ್ಪ. ಒಟ್ಟಿಗೇ ಬಂದದ್ದು."

ದೊಡ್ಡಪ್ಪ ಕೆಸರಿಗೆ ಬಿದ್ದ ಮೀನನ್ನು ಎತ್ತಿ ಹೊಂಡಕ್ಕೆ ಬಿಟ್ಟರು. ಆ ವಾರವೇ ಉಳಿದ ಮೀನನ್ನು ಎರಡೂ ಹೊಂಡಕ್ಕೆ ಹಂಚಿಸಿದರು. ನನ್ನ ಹಾಸ್ಟೆಲಿಗೆ ಮಾತ್ರ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ನಾನು ಕಾಯಲಿಲ್ಲ. ಟ್ರಂಕು ಹಿಡಿದು ಹೊರಟಾಗ ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಾಗಿಲಿಗೆ ಬಂದರು. ದೊಡ್ಡಮ್ಮ ಅವರ ಹಿಂದೆ ನಿಂತಿದ್ದರು.

"ಸ್ವಲ್ಪ ಅಡ್ಜಸ್ಟ್ ಮಾಡಿದ್ದಿದ್ರೆ ಇಲ್ಲೇ ಆಗ್ತಿತ್ತು" ಎಂದರು ದೊಡ್ಡಪ್ಪ, ಮೆಲ್ಲಗೆ.

"ಆಗ್ತಿತ್ತು ದೊಡ್ಡಪ್ಪ" ಎಂದೆ. "ಬೆರಳುದ್ದ."