ಕಾರಿನ ಹಿಂದಿನ ಜಾಗ

ಓಡುವ ಕಾರಿನ ಫೋಟೋಕ್ಕೆ ನನ್ನದೊಂದು ನಿಯಮವಿತ್ತು: ಕಾರಿನ ಮುಂದೆ ಜಾಗ ಬಿಡಬೇಕು, ಹಿಂದಿನದನ್ನು ಕತ್ತರಿಸಬೇಕು. ಅದು ಶಾಲೆಯ ಮೈದಾನದಲ್ಲಿ ಕಲಿತದ್ದು. ಗದುಗಿನ ಶಾಲೆಯೊಂದರಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಕ್ರೀಡಾಕೂಟದ ಫೋಟೋ ತೆಗೆಯುವ ಕೆಲಸವೂ ನನ್ನ ಪಾಲಿಗೇ ಬರುತ್ತಿತ್ತು. ಓಡುವ ಹುಡುಗಿಯ ಮೂಗಿನ ತುದಿಗೇ ಫೋಟೋ ಮುಗಿದರೆ ಅವಳು ಗೋಡೆಗೆ ಹಾಯ್ದಂತೆ ಕಾಣುತ್ತಾಳೆ. ಮುಂದೆ ನಾಲ್ಕು ಹೆಜ್ಜೆ ನೆಲ ಬಿಟ್ಟರೆ ಓಡುತ್ತಲೇ ಇರುತ್ತಾಳೆ.

ನಿವೃತ್ತಿಯಾದ ಮೇಲೆ ಓಡುವ ಮಕ್ಕಳಿರಲಿಲ್ಲ, ರಸ್ತೆಯಲ್ಲಿ ಕಾರುಗಳಿದ್ದವು. ತಿಂಗಳ ಮೊದಲ ರವಿವಾರ ಮುಂಡರಗಿ ರಸ್ತೆ, ಎರಡನೆಯದು ಶಿರಹಟ್ಟಿ, ಮೂರನೆಯದು ಲಕ್ಷ್ಮೇಶ್ವರ, ನಾಲ್ಕನೆಯದಕ್ಕೆ ಮಲ್ಲಸಮುದ್ರದ ಆಚೆಗಿನ ತಿರುವು. ಬೆಳಿಗ್ಗೆ ಆರೂವರೆಗೆ ಮನೆ ಬಿಡುವುದು, ಒಂಬತ್ತೂವರೆಗೆ ವಾಪಸು. ಜೊತೆಗೆ ಮೇಸ್ತ್ರಿ. ಬೆಟಗೇರಿಯಲ್ಲಿ ಅವರದೊಂದು ಸಣ್ಣ ಗ್ಯಾರೇಜು. ನನ್ನ ಸ್ಕೂಟರ್ ರಿಪೇರಿ ಮಾಡುತ್ತ ಮಾಡುತ್ತ ಗೆಳೆಯರಾದವರು. ರವಿವಾರ ಗ್ಯಾರೇಜಿಗೆ ಸೂಟಿ.

ಕಾರಿನ ವೇಗಕ್ಕೆ ಸರಿಯಾಗಿ ಸೊಂಟದಿಂದ ತಿರುಗುತ್ತ ಗುಂಡಿ ಒತ್ತಬೇಕು. ಆಗ ಕಾರು ಸ್ಪಷ್ಟವಾಗಿ ಬರುತ್ತದೆ. ನಿಂತ ಗಿಡ, ಕಂಬ, ಮನುಷ್ಯ ಎಲ್ಲವೂ ಬರೀ ಗೀರುಗಳಾಗುತ್ತವೆ. ತಿರುವಿನಾಚೆ ಏನು ಬರುತ್ತಿದೆ ಎಂಬುದು ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಮೇಸ್ತ್ರಿ ರಸ್ತೆಯ ಆಚೆ ಬದಿ, ತಿರುವಿನ ಹತ್ತಿರ, ಗ್ಯಾರೇಜಿನಲ್ಲಿ ಕೈ ಒರೆಸುವ ಕೆಂಪು ಅರಿವಿ ಹಿಡಿದು ನಿಲ್ಲುತ್ತಿದ್ದರು. ಕಾರು ಕಂಡೊಡನೆ ಅರಿವಿ ಎತ್ತುವರು. ಕೆಲವೊಮ್ಮೆ ಕಾಣುವ ಮೊದಲೇ, ಸಪ್ಪಳ ಕೇಳಿಯೇ ಎತ್ತುವರು.

"ಮಾಸ್ತರ, ತಯಾರಾಗ್ರಿ! ಬೇರಿಂಗ್ ಅಳಕೋತ ಬರಾಕತ್ತೈತಿ!"

ಕಾರು ಅವರನ್ನು ದಾಟಿ ನನ್ನೆದುರು ಬಂದಾಗ ನಾನು ಗುಂಡಿ ಒತ್ತುತ್ತಿದ್ದೆ. ಹೀಗಾಗಿ ಅವರು ಯಾವಾಗಲೂ ಕಾರಿನ ಹಿಂದೆ, ಚಿತ್ರದ ಎಡ ಅಂಚಿನಲ್ಲಿ ಇರುತ್ತಿದ್ದರು.

"ಇಷ್ಟು ವರ್ಷ ನಿಂತೀನಿ, ನಿಮ್ಮ ಫೋಟೋದಾಗ ಒಮ್ಮಿನೂ ಬಂದಿಲ್ಲಲ್ರಿ," ಎಂದು ಒಮ್ಮೆ ಕೇಳಿದರು.

"ನಿಂತವರಿಗೆ ಜಾಗ ಇಲ್ಲ ಮೇಸ್ತ್ರಿ. ಓಡ್ರಿ, ತೆಗೀತೀನಿ."

"ಈ ಮೊಣಕಾಲ ತಗೊಂಡು? ಮದಲ ಇವನ್ನ ಬಿಚ್ಚಿ ಗ್ರೀಸ್ ಹಾಕ್ರಿ, ಆಮ್ಯಾಲ ಓಡ್ತೀನಿ."

ಊಟವಾದ ಮೇಲೆ ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ನನ್ನ ಕೈ ತಪ್ಪಿ ಕಾರು ಮಸುಕಾದವುಗಳನ್ನು ಮೊದಲು ಅಳಿಸುವುದು. ಚೆನ್ನಾಗಿ ಬಂದವನ್ನು ಎಡಗಡೆಯಿಂದ ಕತ್ತರಿಸುವುದು. ಕತ್ತರಿಸಿದ್ದನ್ನು ಇಟ್ಟುಕೊಂಡು ಮೂಲವನ್ನು ಅಳಿಸುವುದು. ಒಂದು ಕಾರಿಗೆ ಒಂದೇ ಫೋಟೋ. ನಾಲ್ಕು ಗಂಟೆಗೆ ಕೆಲಸ ಮುಗಿಯಬೇಕು, ಮುಗಿಯುತ್ತಿತ್ತು.

ಕಳೆದ ಮಳೆಗಾಲದಲ್ಲಿ ಮೇಸ್ತ್ರಿ ಗ್ಯಾರೇಜಿನಲ್ಲಿ ಕೂತಲ್ಲೇ ಹೋದರು. ಕೆಲವು ದಿನಗಳಾದ ಮೇಲೆ ಅವರ ಮಗಳು ನನ್ನ ಮನೆಗೆ ಬಂದಳು. ನನ್ನ ಶಾಲೆಯಲ್ಲೇ ಓದಿದವಳು. ಈಗ ಮುಂಡರಗಿಯಲ್ಲಿ ಗಂಡನ ಮನೆ.

"ಸರ, ಅಬ್ಬಾಂದು ನೆಟ್ಟಗ ಒಂದು ಫೋಟೋ ಇಲ್ರಿ. ಇದ್ದವು ಹಳೇ ಮೊಬೈಲ್ ಕೆಟ್ಟಾಗ ಹೋದುವು. ಆಧಾರ್ ಕಾರ್ಡಿನ್ಯಾಗಿಂದು ನೋಡಿದ್ರ ಯಾರೋ ಅನಸ್ತೈತಿ."

"ಗ್ವಾಡಿಗೆ ಹಾಕಾಕೇನು?"

"ಇಲ್ರಿ, ನಮ್ಮ ಮನ್ಯಾಗ ಹಾಕೂದಿಲ್ಲ. ನನ್ನ ಕಡೆ ಇರ್ಲಿ ಅಂತ. ರವಿವಾರ ತಪ್ಪದ ನಿಮ್ಮ ಜೋಡಿ ಬರ್ತಿದ್ರಲ್ಲ, ನಿಮ್ಮ ಕಡೆ ಭಾಳ ಇರಬೇಕು."

"ನಾಳೆ ಕೊಡ್ತೀನಿ," ಎಂದೆ. ಮಾತು ಕೊಡುವಾಗ ಅನುಮಾನವೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ವರ್ಷದಿಂದ ನೋಡುತ್ತ ಬಂದೆ. ಬಿಳಿ ಕಾರು, ಕೆಂಪು ಕಾರು, ಮದುವೆಯ ಹೂ ಕಟ್ಟಿದ ಕಾರು. ಎಲ್ಲದರ ಮುಂದೆ ಅಚ್ಚುಕಟ್ಟಾಗಿ ಬಿಟ್ಟ ಜಾಗ. ಹಿಂದೆ ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ಕತ್ತರಿಸದೆ ಬಿಟ್ಟಿದ್ದರೂ ಮೇಸ್ತ್ರಿ ಒಂದು ಗೀರಾಗಿ ಮಾತ್ರ ಇರುತ್ತಿದ್ದರು. ನನ್ನ ಕೈ ತಿರುಗದೆ ನಿಂತು, ಕಾರು ಮಸುಕಾಗಿ ರಸ್ತೆ ಸ್ಪಷ್ಟವಾಗಿದ್ದ ಫೋಟೋಗಳಲ್ಲಿ ಅವರ ಮುಖ ಚೆನ್ನಾಗಿ ಬಂದಿರಬೇಕು. ಅವನ್ನೇ ನಾನು ಪ್ರತಿ ರವಿವಾರ ಮೊದಲು ಅಳಿಸಿದ್ದೆ.

ನಾಳೆ ಎಂದದ್ದು ನಾಲ್ಕು ದಿನವಾಯಿತು. ಅಂಥ ರೂಢಿ ನನಗಿರಲಿಲ್ಲ.

ಐದನೆಯ ದಿನ ಒಂದು ಸಿಕ್ಕಿತು. ಕೊರ್ಲಹಳ್ಳಿಯ ಕಡೆಯಿಂದ ಬಂದ ಹಳೆಯ ಬಿಳಿ ಅಂಬಾಸಿಡರ್. ಆ ದಿನ ನೆನಪಿದೆ. ಕಾರು ಕಂಡೊಡನೆ ಮೇಸ್ತ್ರಿ, "ನಾ ಇಂಜಿನ್ ಇಳಿಸಿ ರಿಪೇರಿ ಮಾಡಿದ ಗಾಡಿ ಮಾಸ್ತರ! ಇನ್ನೂ ಹೆಂಗ ಓಡತೈತಿ ನೋಡ್ರಿ!" ಎಂದು ಕೂಗಿ, ಎರಡು ಹೆಜ್ಜೆ ಅದರ ಬೆನ್ನಿಗೆ ಬಂದು, ಅರಿವಿಯನ್ನು ಕಾರು ಹೋದ ಕಡೆಗೇ ಬೀಸಿದ್ದರು.

"ಅರಿವಿ ಫೋಟೋದಾಗ ಬಂತು. ನೆಟ್ಟಗ ನಿಲ್ರಿ ಅಂದ್ರ ತಿಳಿಯೂದಿಲ್ಲೇನು?" ಎಂದು ಶಾಲೆಯ ಮಕ್ಕಳಿಗೆ ಬೈದಂತೆ ಬೈದಿದ್ದೆ. ಅವರು ನಗುತ್ತ ಹಿಂದೆ ಸರಿದಿದ್ದರು.

ಅಂದು ಅವರ ಕೈ ಕಾರಿನ ಬೆನ್ನಿಗೆ ತೀರ ಹತ್ತಿರವಿತ್ತು. ಕೈಯನ್ನು ಪೂರ್ತಿ ಕತ್ತರಿಸಿದರೆ ಕಾರಿನ ಹಿಂದಿನ ದೀಪವೂ ಹೋಗುತ್ತಿತ್ತು. ಅಷ್ಟಕ್ಕೇ ಉಳಿದಿತ್ತು: ಮಣಿಕಟ್ಟಿನವರೆಗಿನ ಕೈ, ಕೆಂಪು ಅರಿವಿ. ಕಾರಿನ ಜೊತೆಗೇ ಬೀಸಿದ್ದರಿಂದ ಬೆರಳುಗಳು ಸ್ಪಷ್ಟವಾಗಿದ್ದವು.

ಬಸ್ಸಿನಲ್ಲಿ ಮುಂಡರಗಿಗೆ ಹೋದೆ. ಮಗಳು ಚಹಾ ಕೊಟ್ಟು ಎದುರಿಗೆ ಕೂತಳು. ಅವಳ ಮೊಬೈಲಿಗೆ ಫೋಟೋ ಕಳಿಸಿದೆ. ಅವಳು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು.

"ಅಬ್ಬಾನ ಕೈ ಇದು. ತೋರಬೆರಳ ತುದಿ ಇಲ್ಲ ನೋಡ್ರಿ, ನಾ ಸಣ್ಣಾಕಿ ಇದ್ದಾಗ ಇಂಜಿನ್ ಬೆಲ್ಟಿಗೆ ಸಿಕ್ಕಿದ್ದು," ಎಂದಳು. ಆಮೇಲೆ ಕೇಳಿದಳು, "ಉಳಿದದ್ದು ಎಲ್ಲಿ ಐತ್ರಿ ಸರ?"

"ಇಲ್ಲ ತಂಗಿ. ನಾನ ಕತ್ತರಿಸೀನಿ."

"ಎಲ್ಲಾದ್ರಾಗೂ?"

"ಎಲ್ಲಾದ್ರಾಗೂ."

ಅವಳು ಕೈಯ ಆಚೆಗೆ ಏನಿದೆಯೆಂದು ನೋಡುವವಳಂತೆ ಫೋಟೋವನ್ನು ಬೆರಳಿನಿಂದ ಬಲಕ್ಕೆ ಸರಿಸಿದಳು. ಅದು ಅಂಚಿನವರೆಗೆ ಬಂದು ಹಿಂದಕ್ಕೆ ಜಾರಿತು. ಮತ್ತೆ ಸರಿಸಿದಳು. ಮತ್ತೆ ಜಾರಿತು. ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಏಳಲಿಲ್ಲ.