ಬಿಚ್ಚಮ್ಮನ ತಾಯಿ

ಮೇಷ್ಟ್ರು ಆ ತಾಯಿಯನ್ನು ಮೊದಲು ಕಂಡ ದಿನ, ಅವರು ತೋರಿಸಿದ ಕುರ್ಚಿಯಲ್ಲಿ ಆಕೆ ಕೂರಲೇ ಇಲ್ಲ. ಕೊರಳಲ್ಲಿ ಅಳತೆಯ ಟೇಪು, ತೋಳಿಗೆ ಅಂಟಿದ ದಾರದ ಎಳೆಗಳು. ಹೊಲಿಗೆ ಅಂಗಡಿಯಿಂದ ಹಾಗೆಯೇ ಎದ್ದು ಬಂದಿದ್ದಳು. ಮಗಳ ವರ್ಗಾವಣೆ ಪತ್ರ ಬೇಕಾಗಿತ್ತು. ಹುಡುಗಿಯನ್ನು ದೂರದ ಊರಿನ ದೊಡ್ಡಮ್ಮನ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು.

"ನಮ್ಮಕ್ಕನ ಕೈಯಲ್ಲಾದ್ರೂ ದಾರಿಗೆ ಬರ್ತಾಳೇನೋ, ಮೇಷ್ಟ್ರೇ. ನನ್ನ ಕೈಲಾಗಲ್ಲ."

ಆಕೆ ಮಾಡದ ಪ್ರಯತ್ನವಿರಲಿಲ್ಲ. ಎದುರುಮನೆಯ ಹುಡುಗಿ ಹಾಡಿ ಬಹುಮಾನ ತಂದಳೆಂದು ಮಗಳನ್ನು ಸಂಗೀತಕ್ಕೆ ಸೇರಿಸಿದಳು, ನಾದಿನಿಯ ಮಗ ಚಿತ್ರ ಬರೆದನೆಂದು ಚಿತ್ರಕಲೆಗೆ, ಆಮೇಲೆ ಈಜಿಗೆ. ಮಗು ಒಂದರಲ್ಲೂ ನಿಲ್ಲಲಿಲ್ಲ, ತಾಯಿಯೂ ನಿಲ್ಲಗೊಡಲಿಲ್ಲ. ಮಗಳಿಗೆ ಬರುತ್ತಿದ್ದುದು ಒಂದೇ ಕೆಲಸ, ಹೊಲಿದಿದ್ದನ್ನು ಬಿಚ್ಚುವುದು. ಗೊಂಬೆಯ ಅಂಗಿ, ದಿಂಬಿನ ಗವಸು, ಅಪ್ಪನ ಪ್ಯಾಂಟಿನ ಜೇಬು, ಕೈಗೆ ಸಿಕ್ಕಿದ್ದೆಲ್ಲ ತುಂಡು ತುಂಡಾಗಿ ನೆಲದ ಮೇಲೆ ಹರಡಿಕೊಳ್ಳುತ್ತಿತ್ತು.

"ಹೆಂಡತಿ ಹೊಲೀತಾಳೆ, ಮಗಳು ಬಿಚ್ತಾಳೆ. ನಾನು ಬರಿಮೈಲಿ ಓಡಾಡ್ತೀನಿ" ಎಂದು ಅಪ್ಪ ನಗುತ್ತಿದ್ದ. ಬಿಚ್ಚಮ್ಮ ಎಂದು ಹೆಸರಿಟ್ಟವನೂ ಅವನೇ. ಆ ಹೆಸರು ಕೇಳಿದರೆ ತಾಯಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅವಳು ಬಿಚ್ಚುವಾಗ ಯಾವತ್ತಾದ್ರೂ ಪಕ್ಕದಲ್ಲಿ ಕೂತು ನೋಡಿದ್ದೀರೇನಮ್ಮಾ?" ಎಂದರು ಮೇಷ್ಟ್ರು.

"ಕೂರೋಕೆ ಪುರುಸೊತ್ತೆಲ್ಲಿದೆ? ಬಯ್ಯೋಕೆ ಪುರುಸೊತ್ತು ಸಿಕ್ಕಿದ್ರೆ ಸಾಕಾಗಿದೆ."

ಪತ್ರ ನಾಳೆ ಸಿಗುತ್ತದೆ ಎಂದರು. ಆಕೆ ದಾಪುಗಾಲಿಟ್ಟು ಅಂಗಡಿಗೆ ಮರಳಿದಳು. ಸಂಜೆ ಕೊಡಬೇಕಾಗಿದ್ದ ಕೋಟಿನ ಎರಡು ತೋಳುಗಳೂ ಬೇರೆಯಾಗಿ ಮೇಜಿನ ಮೇಲೆ ಬಿದ್ದಿದ್ದವು. ಮಗಳು ದಾರದ ಚೂರುಗಳನ್ನು ಆರಿಸುತ್ತಿದ್ದಳು. ತಾಯಿಯ ಕೈ ಮೇಲೆದ್ದಿತು. ಮೇಷ್ಟ್ರ ಮಾತು ಅಡ್ಡ ಬಂತೋ, ಬಿರುಬಿರನೆ ನಡೆದು ಬಂದ ಏದುಸಿರೋ, ಆಕೆ ಸ್ಟೂಲಿನ ಮೇಲೆ ಧೊಪ್ಪೆಂದು ಕೂತುಬಿಟ್ಟಳು.

"ಯಾಕೇ ಬಿಚ್ಚಿದೆ?"

ಈ ಪ್ರಶ್ನೆ ದಿನನಿತ್ಯದ್ದೇ. ಉತ್ತರಕ್ಕೆ ಕಾದದ್ದು ಮಾತ್ರ ಅದೇ ಮೊದಲು.

"ನೀನು ಎಡಗೈದನ್ನ ಬಲಕ್ಕೆ ಹಾಕಿದ್ದೆ, ಅಮ್ಮ. ಹಾಕ್ಕೊಂಡವ್ರು ಮುಂದಕ್ಕೆ ಹೋದ್ರೆ ಕೈ ಹಿಂದಕ್ಕೆ ಹೋಗ್ತಿತ್ತು."

ತಾಯಿ ತೋಳುಗಳನ್ನು ಎತ್ತಿ ಕೋಟಿನ ಭುಜಕ್ಕೆ ಹಿಡಿದು ನೋಡಿದಳು. ನಿಜ, ಆತುರದಲ್ಲಿ ಅದಲುಬದಲಾಗಿತ್ತು. ಬಟ್ಟೆಯ ಒಂದೆಳೆಯೂ ಹರಿದಿರಲಿಲ್ಲ.

"ಹಾಗಾದ್ರೆ ಅಪ್ಪನ ಜೇಬು?"

"ಅದು ಒಳಗೆ ಹೇಗೆ ಕೂರುತ್ತೆ ಅಂತ ನೋಡಿದೆ. ಮತ್ತೆ ಹೊಲಿಯೋಷ್ಟರಲ್ಲಿ ನೀನು ಕಿತ್ಕೊಂಡೆ."

ಮರುದಿನ ಆಕೆ ಪತ್ರಕ್ಕೆ ಹೋಗಲಿಲ್ಲ. ಹಳೆಯ ಬಟ್ಟೆಗಳ ಗಂಟೊಂದನ್ನು ಮಗಳ ಮುಂದಿಟ್ಟಳು. ಹಿಂದೆಯೇ ಹಳೆಯ ಚಾಳಿಯೂ ಬಂತು: ಕಟಿಂಗ್ ಕ್ಲಾಸು ಎಲ್ಲಿದೆ, ಸ್ಪರ್ಧೆ ಯಾವಾಗ ಎಂದು ಬೀದಿಯೆಲ್ಲ ವಿಚಾರಿಸತೊಡಗಿದಳು.

"ಅಮ್ಮಾ, ಮೊದಲು ಬಿಚ್ಚಿ ಮುಗಿಸ್ತೀನಿ. ಸ್ವಲ್ಪ ಸುಮ್ನಿರು."

ಸುಮ್ಮನಿರುವುದನ್ನು ಆಕೆ ಕೂತಲ್ಲೇ ಕಾಲು ಕುಣಿಸುತ್ತಾ, ತುಟಿ ಕಚ್ಚಿಕೊಂಡು ಕಲಿತಳು.

ಮಗಳು ಬೆಳೆದಿದ್ದಾಳೆ. ಈಗ ಅಂಗಡಿಯಲ್ಲಿ ಕತ್ತರಿ ಮಗಳದು, ಹೊಲಿಗೆ ತಾಯಿಯದು. ಒಂದು ಭುಜ ತಗ್ಗಿದವರು, ಬೆನ್ನು ಬಾಗಿದವರು, ಗಾಲಿಕುರ್ಚಿಯವರು ತಮ್ಮ ಮೈಗೆ ಸರಿಯಾಗಿ ಕೂರುವ ಬಟ್ಟೆಗಾಗಿ ಹುಡುಕಿಕೊಂಡು ಬರುತ್ತಾರೆ. ತಾಯಿ ಹೊಲಿದು ಮುಗಿಸಿದ್ದನ್ನು ಮಗಳು ಒಮ್ಮೊಮ್ಮೆ ಮಾತಿಲ್ಲದೆ ಬಿಚ್ಚಲು ಕೂರುತ್ತಾಳೆ. ತಾಯಿಗೆ ಇಂದಿಗೂ ಮೈ ಉರಿಯುತ್ತದೆ. ಎದ್ದು ಬಾಗಿಲವರೆಗೆ ಹೋಗಿ ಬರುತ್ತಾಳೆ, ಕನ್ನಡಕ ಒರೆಸುತ್ತಾಳೆ, ಕೊನೆಗೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾಳೆ.

"ಯಾಕೇ ಬಿಚ್ತಿದ್ದೀಯ, ಬಿಚ್ಚಮ್ಮ?"