ಹೆಬ್ಬೆರಳಿಗೊಂದು ಟೋಪಿ

ಆಕೆಗೆ ಎಂಜಲಿಲ್ಲ. ಬಾಯಿ ಸದಾ ಒಣ. ನಾಲ್ಕು ಮಾತಿಗೊಮ್ಮೆ ನೀರು ಗುಟುಕರಿಸದಿದ್ದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಕಾಗದ ಎಣಿಸಿ ಹೊಟ್ಟೆ ಹೊರೆಯುವವರಿಗೆ ಇದು ಸಣ್ಣ ಕೊರತೆಯಲ್ಲ.

ಬೆಳಗಿನ ಐದೂವರೆ. ಮುದ್ರಣಾಲಯದ ಹಿಂದಿನ ತಗಡಿನ ಷೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತೆಂಟರ ಈ ಹೆಂಗಸು ಸೆರಗು ಸಿಕ್ಕಿಸಿಕೊಂಡು ಒಂದು ಹಲಗೆ ಎತ್ತುತ್ತಾರೆ. ಹಲಗೆಯ ತುಂಬ ಮರದ ಹೆಬ್ಬೆರಳುಗಳು, ಸಾಲಿಗೆ ಎಂಟರಂತೆ ಐದು ಸಾಲು. ಅದನ್ನು ತಲೆಕೆಳಗು ಮಾಡಿ ಇಟ್ಟಿಗೆ ಬಣ್ಣದ ರಬ್ಬರ್ ಹಾಲಿನ ತೊಟ್ಟಿಯಲ್ಲಿ ಅದ್ದುತ್ತಾರೆ. ತುಟಿ ಅಲುಗುತ್ತದೆ, ಸದ್ದಿಲ್ಲ. ಆಮೇಲೆ ಎತ್ತಿ, ತುದಿಯಲ್ಲಿ ಹನಿ ನಿಲ್ಲದಂತೆ ನಿಧಾನಕ್ಕೆ ಹೊರಳಿಸುತ್ತಾರೆ.

“ಹನ್ನೆರಡು ಎಣಿಸಿ ಎತ್ತಬೇಕು. ಹತ್ತಕ್ಕೇ ಎತ್ತಿದ್ರೆ ಎರಡು ದಿನಕ್ಕೆ ಹರಿಯುತ್ತೆ. ಹದಿನೈದಾದ್ರೆ ಬೆರಳಿಗೆ ಕಾಗದ ಇರೋದೇ ಗೊತ್ತಾಗಲ್ಲ,” ಎನ್ನುತ್ತಾರೆ. ಬಿಸಿಲೇರಿ ತಗಡು ಕಾದರೆ ರಬ್ಬರ್ ಹಾಲು ಕೆನೆಗಟ್ಟುತ್ತದೆ. ಅದಕ್ಕೇ ಈ ಹೊತ್ತು. ಒಂಬತ್ತರೊಳಗೆ ನೂರು ಹಲಗೆ, ಅಂದರೆ ನಾಲ್ಕು ಸಾವಿರ ಟೋಪಿ.

ಟೋಪಿ ಎಂದರೆ ಬೆರಳಿಗೆ ಹಾಕುವ ಟೋಪಿ. ಬ್ಯಾಂಕಿನ ಕ್ಯಾಷಿಯರು, ಅಂಚೆ ಕಚೇರಿಯ ಗುಮಾಸ್ತ, ಕಡತದ ಕೋಣೆಯಲ್ಲಿ ದೂಳು ಕುಡಿಯುವ ನೌಕರ, ಎಲ್ಲರ ಮೇಜಿನ ಮೇಲೂ ಇಟ್ಟಿಗೆ ಬಣ್ಣದ, ತರಿತರಿ ಮೈಯ ಈ ಪುಟ್ಟ ವಸ್ತು ಬಿದ್ದಿರುತ್ತದೆ. ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ ಎಂಜಲು ಬೇಡ, ನೀರು ಬೇಡ, ಹಾಳೆ ತಾನಾಗಿ ಎದ್ದು ಬರುತ್ತದೆ. ಇದು ಹುಟ್ಟಿದ್ದು ಯಾರ ಬುದ್ಧಿವಂತಿಕೆಯಿಂದಲೂ ಅಲ್ಲ. ಈಕೆ ಒಂದು ಶನಿವಾರ ಡಬ್ಬಿಯ ಮುಚ್ಚಳ ಹಾಕಲು ಮರೆತದ್ದರಿಂದ.

ಮುದ್ರಣಾಲಯದಲ್ಲಿ ಎಲ್ಲರಿಗೂ ಈಕೆ ಎಣಿಕೆಯಮ್ಮ. ಹತ್ತೊಂಬತ್ತಕ್ಕೆ ಎಣಿಕೆ ಮೇಜಿಗೆ ಬಂದವರು. ಗೆರೆ ಹಾಕಿದ ಹಾಳೆಗಳನ್ನು ಐನೂರರ ಕಟ್ಟು ಮಾಡಿ ರಿಜಿಸ್ಟರಿನ ಹೊಲಿಗೆಗೆ ಕಳಿಸುವುದು ಕೆಲಸ. ಮೇಜಿನ ಸುತ್ತ ಎಂಟು ಹೆಂಗಸರು, ಎಂಟು ನಾಲಿಗೆ. ನೀರಿನ ಸ್ಪಂಜಿಗೆ ಅಲ್ಲಿ ಅವಕಾಶವಿರಲಿಲ್ಲ. ನೀರು ಹೆಚ್ಚಾದರೆ ಹಾಳೆಯ ಗೆರೆ ಕದಡುತ್ತಿತ್ತು. ಎಂಜಲಾದರೆ ಬೆರಳಿಗೆ ಎಷ್ಟು ಬೇಕೋ ಅಷ್ಟೇ.

ನಲವತ್ತೊಂದನೇ ವಯಸ್ಸಿನಲ್ಲಿ ಗಂಟಲಲ್ಲಿ ಗಡ್ಡೆಯಾಯಿತು. ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಗಡ್ಡೆ ಹೋಯಿತು, ಜೊತೆಗೆ ಎಂಜಲೂ ಹೋಯಿತು. ತಿರುಗಿ ಮೇಜಿಗೆ ಬಂದಾಗ ದಿನಕ್ಕೆ ನಲವತ್ತು ಕಟ್ಟು ಎಣಿಸುತ್ತಿದ್ದ ಕೈ ಇಪ್ಪತ್ತೆಂಟಕ್ಕೇ ಸೋಲುತ್ತಿತ್ತು. ಮೇಸ್ತ್ರಿ ಒಳ್ಳೆಯ ಮನುಷ್ಯ. ಆದರೂ, “ಈ ತಿಂಗಳು ನೋಡೋಣಮ್ಮ, ಆಮೇಲೆ ನನ್ನ ಕೈಲಿಲ್ಲ,” ಎಂದಿದ್ದ.

ಆ ತಿಂಗಳು ಈಕೆಯನ್ನು ಉಳಿಸಿದ್ದು ಪಕ್ಕದಲ್ಲಿ ಕೂರುತ್ತಿದ್ದ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮೇಸ್ತ್ರಿ ಆಚೆ ಮುಖ ಮಾಡಿದಾಗಲೆಲ್ಲ ತಾನು ಎಣಿಸಿದ ಕಟ್ಟೊಂದನ್ನು ಮೊಣಕೈಯಿಂದ ಈಕೆಯ ರಾಶಿಗೆ ನೂಕುತ್ತಿದ್ದಳು. ದಿನಕ್ಕೆ ಆರು, ಕೆಲವು ದಿನ ಎಂಟು.

“‘ಬೇಡ ಅಕ್ಕ, ಸಿಕ್ಕಿಬಿದ್ರೆ ಇಬ್ಬರೂ ಹೋಗ್ತೀವಿ’ ಅಂದ್ರೆ ನನ್ನನ್ನೇ ಗದರೋಳು. ‘ಬಾಯಿ ಮುಚ್ಕೊಂಡು ಎಣಿಸೇ, ನಿನ್ನ ಬಾಯಲ್ಲಿ ಹೇಗೂ ಏನಿಲ್ಲ’ ಅನ್ನೋಳು,” ಎಂದು ಎಣಿಕೆಯಮ್ಮ ನಗುತ್ತಾರೆ. ನಕ್ಕು, ನೀರು ಕುಡಿಯುತ್ತಾರೆ.

ತಿಂಗಳ ಕೊನೆಯ ವಾರ. ರಟ್ಟು ಅಂಟಿಸುವ ರಬ್ಬರ್ ಅಂಟಿನ ಡಬ್ಬಿ ಮುಚ್ಚುವುದೂ ಈಕೆಯದೇ ಕೆಲಸ. ಶನಿವಾರ ಮರೆತರು. ಡಬ್ಬಿ ಇದ್ದದ್ದು ಕಾಗದ ಕತ್ತರಿಸುವ ಯಂತ್ರದ ಪಕ್ಕ. ಸೋಮವಾರ ನೋಡಿದರೆ ಅಂಟಿನ ತುಂಬ ಕಾಗದದ ಪುಡಿ. ಮೊದಲೇ ತೂಗುಕತ್ತಿಯ ಕೆಳಗಿದ್ದ ಹೆಂಗಸು, ಇನ್ನೂ ಅಂಟುತ್ತದೆಯೋ ಇಲ್ಲವೋ ಎಂದು ಹೆಬ್ಬೆರಳು ಅದ್ದಿ ನೋಡಿದರು. ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಲಾರಿ ಬಂದು ನಿಂತಿದೆ, ಎಣಿಕೆ ಬಾಕಿ ಇದೆ. ಬೆರಳು ಒರೆಸಿಕೊಳ್ಳಲೂ ಪುರಸೊತ್ತಿಲ್ಲದೆ ಓಡಿದರು.

ಮೇಜಿಗೆ ಕೂರುವಷ್ಟರಲ್ಲಿ ಅಂಟು ಒಣಗಿತ್ತು. ಹಾಳೆ ಒಂದರ ಹಿಂದೆ ಒಂದು ಏಳತೊಡಗಿತು. ಮಧ್ಯಾಹ್ನದ ಊಟಕ್ಕೇ ಇಪ್ಪತ್ತಾರು ಕಟ್ಟು. ಇವಳು ಹಾಳೆ ಹಾರಿಸಿದ್ದಾಳೆ ಎಂದುಕೊಂಡು ಮೇಸ್ತ್ರಿ ಎರಡು ಕಟ್ಟು ಬಿಚ್ಚಿ ತಾನೇ ಎಣಿಸಿದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಂಜೆ ಆ ಅಂಟು ಹಾವಿನ ಪೊರೆಯಂತೆ ಇಡಿಯಾಗಿ ಕಳಚಿ ಬಂತು. ಬಿಸಾಡಲಿಲ್ಲ. ಮರುದಿನ ಮತ್ತೆ ಹಾಕಿಕೊಂಡು ಬಂದರು. ಆ ವಾರ ಮುಗಿಯುವಷ್ಟರಲ್ಲಿ ದಿನಕ್ಕೆ ಐವತ್ತೈದು ಕಟ್ಟು. ಕೆಲಸ ಉಳಿಯಿತು.

ಮುಂದಿನದನ್ನು ಮಾಲೀಕರು ಮಾಡಿದರು. ಬಡಗಿಯನ್ನು ಕರೆಸಿ ಈಕೆಯ ಹೆಬ್ಬೆರಳಿನ ಅಳತೆಗೆ ಮರದ ಅಚ್ಚು ಕೆತ್ತಿಸಿದರು. ಪೆಟ್ಟಿಗೆಯ ಮೇಲೆ ‘ನಡುಗಾತ್ರ’ ಎಂದಿರುವುದು ಇವತ್ತಿಗೂ ಅದೇ ಅಳತೆ. ಅಂಟಿನ ಬದಲು ಬಣ್ಣ, ಕಾಗದದ ಪುಡಿ ಬೆರೆಸಿದ ರಬ್ಬರ್ ಹಾಲು ಬಂತು. ಮೊದಲ ಟೋಪಿಗಳೊಳಗೆ ಬೆರಳು ಬೆವರಿ ಬೆಳ್ಳಗೆ ನೆನೆಯುತ್ತಿತ್ತು. ಕಾಯಿಸಿದ ಸೂಜಿಯಿಂದ ಏಳು ತೂತು ಹಾಕಿದರೆ ಗಾಳಿಯಾಡುತ್ತದೆ ಎಂದು ಕಂಡುಕೊಂಡವರು ಎಣಿಕೆಯಮ್ಮನೇ. ಪೆಟ್ಟಿಗೆಯ ಮೇಲೆ ಮುದ್ರಣಾಲಯದ ಹೆಸರಿದೆ. ಈಕೆಯ ಹೆಸರಿಲ್ಲ.

“ನಮ್ಮನೆಯವರು ರೇಗಿಸ್ತಾರೆ. ‘ನೀನು ಊರಿನ ಬೆರಳಿಗೆಲ್ಲ ಟೋಪಿ ಹಾಕ್ದೆ, ಮಾಲೀಕರು ನಿಂಗೇ ಹಾಕಿದ್ರು’ ಅಂತ,” ಎನ್ನುವಾಗ ಅವರ ದನಿಯಲ್ಲಿ ಕಹಿ ಕಾಣುವುದಿಲ್ಲ. “ಹೆಸರು ತಗೊಂಡು ಏನ್ಮಾಡ್ಲಿ? ಬ್ಯಾಂಕಿಗೆ ಹೋದಾಗ ಆ ಹುಡುಗಿ ನಮ್ಮ ಟೋಪಿ ಹಾಕ್ಕೊಂಡು ಎಣಿಸ್ತಿರ್ತಾಳೆ. ಅಷ್ಟು ಹೊತ್ತು ಕಣ್ಣು ಅಲ್ಲೇ ಇರುತ್ತೆ. ತೂತು ಏಳಿದೆಯಾ ಅಂತ.”

ಅವರನ್ನು ಕೊರೆಯುವುದು ಬೇರೆ. ಟೋಪಿ ಮೊದಲು ಬಂದದ್ದು ಅವರದೇ ಮೇಜಿಗೆ. ಎಂಟು ಹೆಂಗಸರಿಗೂ ಒಂದೊಂದು ಕೊಟ್ಟರು. ಎಲ್ಲರ ಕೈಯೂ ಚುರುಕಾಯಿತು, ಆದರೆ ಹಾಳೆಯ ರಾಶಿ ಇದ್ದಷ್ಟೇ ಇತ್ತು. ಮಧ್ಯಾಹ್ನದ ಮೇಲೆ ಸುಮ್ಮನೆ ಕೂತವರು ಮಾಲೀಕರ ಕಣ್ಣಿಗೆ ಬಿದ್ದರು. ವರ್ಷದೊಳಗೆ ಐವರನ್ನು ಮನೆಗೆ ಕಳಿಸಿದರು. ಮೊದಲು ಹೋದವಳು ಓರಗಿತ್ತಿ, ಎಲ್ಲರಿಗಿಂತ ವಯಸ್ಸಾದವಳು.

“ನನ್ನ ಕೆಲಸ ಉಳಿಸಿಕೊಳ್ಳೋಕೆ ಹೋಗಿ ಅವಳದ್ದು ಕಳೆದೆ. ನಾನೇನು ಬೇಕೂಂತ ಮಾಡಿದ್ನಾ? ಇಲ್ಲ. ಆದ್ರೆ ಹೋಗಿದ್ದು ಹೋಯ್ತಲ್ಲ.”

ಟೋಪಿಯ ಷೆಡ್ಡು ಶುರುವಾದಾಗ ಮಾಲೀಕರ ಮುಂದೆ ಒಂದೇ ಷರತ್ತು ಇಟ್ಟರು: ಐವರಿಗೂ ಮೊದಲ ಕರೆ. ಮಾಲೀಕರು ಒಪ್ಪಿದರು. ಈಕೆ ಐದೂ ಬಾಗಿಲು ತಟ್ಟಿದರು. ಇಬ್ಬರು ಬಂದರು, ಈಗಲೂ ತೂತು ಹಾಕುವ ಮೇಜಿನಲ್ಲಿದ್ದಾರೆ. ಒಬ್ಬಳು ಮಗಳ ಮನೆ ಸೇರಿಯಾಗಿತ್ತು. ಇನ್ನೊಬ್ಬಳ ಕಣ್ಣಿಗೆ ಪೊರೆ ಬಂದು ಸೂಜಿ ಕಾಣುತ್ತಿರಲಿಲ್ಲ. ಓರಗಿತ್ತಿ ಬರುವುದಿಲ್ಲ ಎಂದಳು.

ಇಬ್ಬರ ಮನೆಗಳ ನಡುವೆ ಒಂದೇ ಗೋಡೆ. ವರ್ಷಕ್ಕೆ ಎರಡು ಸಲವಾದರೂ ಎಣಿಕೆಯಮ್ಮ ಹೋಗಿ ಕೇಳುತ್ತಾರೆ. ಕಳೆದ ಭಾನುವಾರವೂ ಹೋಗಿದ್ದರು. ಓರಗಿತ್ತಿ ಹೊಸಿಲಲ್ಲಿ ಕೂತು ದಿಂಬಿಗೆ ಗವಸು ಹೊಲಿಯುತ್ತಿದ್ದಳು.

“ಅಕ್ಕ, ಬಾ. ಪೆಟ್ಟಿಗೆಗೆ ತುಂಬೋದು ಅಷ್ಟೇ. ಕೂತು ಮಾಡೋ ಕೆಲಸ.”

“ಕೂತು ಮಾಡೋಕೆ ಇದೂ ಇದೆ ಕಣೆ.”

“ನನ್ನ ಮೇಲೆ ಇನ್ನೂ ಕೋಪಾನಾ?”

“ನಿನ್ನ ಮೇಲೆ ಏನು ಕೋಪ? ನೀನು ಸಾಯ್ತಾ ಇದ್ದೆ, ಬದುಕಿದೆ. ಆ ಹಾಳು ಟೋಪಿ ಮುಟ್ಟು ಅನ್ಬೇಡ, ಅಷ್ಟೇ. ನೀರು ಕುಡೀತೀಯಾ? ಬಾಯಿ ಒಣಗಿದೆ ನೋಡು.”

ನೀರು ಕುಡಿದು ಬಂದರು.

ಇನ್ನೆರಡು ವರ್ಷಕ್ಕೆ ನಿವೃತ್ತಿ. ಆಮೇಲೆ ಷೆಡ್ಡಿಗೆ ಕರೆಯುವವರೂ ಇರುವುದಿಲ್ಲ. ಅಷ್ಟರೊಳಗೆ ಅಕ್ಕ ಒಂದು ದಿನವಾದರೂ ಪಕ್ಕದಲ್ಲಿ ಕೂರಬೇಕು ಎನ್ನುವುದಷ್ಟೇ ಆಸೆ. ಕೂರುತ್ತಾಳೆ ಎಂಬ ನಂಬಿಕೆಯಿಲ್ಲ. ಗಂಟೆ ಒಂಬತ್ತಾಗುತ್ತದೆ. ನೂರನೆಯ ಹಲಗೆಯನ್ನು ಒಣಗಲು ಇಟ್ಟು ಎಣಿಕೆಯಮ್ಮ ಕೈ ತೊಳೆಯುತ್ತಾರೆ.

“ಮೇಜಿನಲ್ಲಿ ಎಂಟು ಜನ ಇದ್ವಿ,” ಎನ್ನುತ್ತಾರೆ. “ಐದು ಜನ ಹೋದ್ರು. ಇಬ್ಬರು ಬಂದ್ರು. ಮೂರು ಜನ ಬರಲಿಲ್ಲ.”